ಹೊಸ ವಿತರಣೆ ಬೇಡ, ಪ್ರೆಂಟಿಸ್ ಕೊಟ್ಟ ಕ್ಯೂ ಸಾಕು

ಯಂತ್ರದ ಬಾಳಿಕೆ, ವಿಮಾ ಕ್ಲೇಮಿನ ಮೊತ್ತ, ರೋಗಿ ಆಸ್ಪತ್ರೆಯಲ್ಲಿ ಉಳಿಯುವ ಅವಧಿ. ಇವು ಸೊನ್ನೆಗಿಂತ ಕೆಳಗಿಳಿಯುವುದಿಲ್ಲ, ಬಲಕ್ಕೆ ಮಾತ್ರ ಉದ್ದ ಬಾಲ ಚಾಚುತ್ತವೆ. ಇಂಥ ದತ್ತಾಂಶಕ್ಕೆಂದು ‘ಸಾಮಾನ್ಯೀಕೃತ’ ಎಂಬ ಹಣೆಪಟ್ಟಿ ಹೊತ್ತ ಹೊಸ ವಿತರಣೆಗಳು, ಅಂದರೆ ಅಳತೆಗಳು ಹೇಗೆ ಹರಡಿವೆ ಎಂದು ಹೇಳುವ ಗಣಿತ ಸೂತ್ರಗಳು, ಬರುತ್ತಲೇ ಇವೆ. ಅವುಗಳಲ್ಲಿ ಬಹುಪಾಲು ಯಾರಿಗೂ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸ್ಟೇಸಿ 1962ರಲ್ಲಿ ಕೊಟ್ಟ ಸಾಮಾನ್ಯೀಕೃತ ಗಾಮಾ ಎಂಬ ವಿತರಣೆಯನ್ನು ಸಂಖ್ಯಾಶಾಸ್ತ್ರಜ್ಞ ಪ್ರೆಂಟಿಸ್ 1974ರಲ್ಲಿ ಬೇರೆ ರೂಪದಲ್ಲಿ ಬರೆದರು. ಅದರ ಆಕಾರ ತೀರ್ಮಾನಿಸುವ ಸಂಖ್ಯೆಯೇ ಕ್ಯೂ (Q). ದಿನನಿತ್ಯದ ಕೆಲಸ ಅದರಲ್ಲೇ ಆಗುತ್ತದೆ.

ಹೊಸ ವಿತರಣೆಯ ಪ್ರಬಂಧಗಳ ಪಾಕ ಒಂದೇ. ಬಾಳಿಕೆಯ ಲೆಕ್ಕಕ್ಕೆ ಬಳಸುವ ವೈಬುಲ್ ವಿತರಣೆ ತೆಗೆದುಕೊಳ್ಳಿ, ಅದರ ಸಂಚಿತ ಫಲನವನ್ನು (ಅಳತೆ ಒಂದು ಬೆಲೆಯನ್ನು ಮೀರದಿರುವ ಸಂಭವನೀಯತೆ) ಒಂದು ಘಾತಕ್ಕೆ ಏರಿಸಿ, ಹೆಸರಿಡಿ. ಕ್ಯಾನ್ಸರ್ ಶಮನಗೊಂಡ 128 ಮೂತ್ರಕೋಶ ಕ್ಯಾನ್ಸರ್ ರೋಗಿಗಳ ಅವಧಿಗಳ ಪಟ್ಟಿಯೋ, ಆರ್ಸೆಟ್ 1987ರಲ್ಲಿ ಬಳಸಿದ 50 ಸಾಧನಗಳ ಬಾಳಿಕೆಯ ಪಟ್ಟಿಯೋ ಸಿದ್ಧವಾಗಿಯೇ ಇರುತ್ತದೆ. ಹಳೆಯದಕ್ಕಿಂತ ಎಐಸಿ (ಕಡಿಮೆಯಾದಷ್ಟೂ ಮಾದರಿ ಮೇಲು ಎನ್ನುವ ಅಂಕ) ಎರಡೋ ಮೂರೋ ಇಳಿಯಿತು, ಹೊಸದು ಗೆದ್ದಿತು! ಅದೇ 128 ಅಂಕಿಗಳ ಮೇಲೆ ಎಷ್ಟೋ ಮಾದರಿಗಳು ಗೆದ್ದಾಗಿದೆ. ಘಾತಕ್ಕೆ ಏರಿಸುವುದೇ ತಪ್ಪು ಅನ್ನುತ್ತಿಲ್ಲ. ಮುಧೋಳ್ಕರ್ ಮತ್ತು ಶ್ರೀವಾಸ್ತವ 1993ರಲ್ಲಿ ಹಾಗೆ ಮಾಡಿದಾಗ, ಮೊದಲು ಇಳಿದು ಆಮೇಲೆ ಏರುವ ವೈಫಲ್ಯದ ದರವನ್ನು ಒಂದೇ ಹೆಚ್ಚುವರಿ ಪ್ಯಾರಾಮೀಟರ್‌ನಲ್ಲಿ (ದತ್ತಾಂಶದಿಂದ ಅಂದಾಜಿಸುವ ಸಂಖ್ಯೆಯಲ್ಲಿ) ಹಿಡಿಯಲು ಸಾಧ್ಯವಾಯಿತು. ಅದಕ್ಕೆ ಉದ್ದೇಶವಿತ್ತು.

ಆದರೆ ಕುಮಾರಸ್ವಾಮಿ-ವೈಬುಲ್ ವಿತರಣೆ ನೋಡಿ. (ಜಲವಿಜ್ಞಾನಿ ಕುಮಾರಸ್ವಾಮಿಯವರು 1980ರಲ್ಲಿ ತಮ್ಮ ವಿತರಣೆಯನ್ನು ಕೊಟ್ಟದ್ದು ಎರಡೂ ಕಡೆ ಮಿತಿಯಿರುವ ಪರಿಮಾಣಗಳಿಗೆ. ಅದನ್ನು ಎಲ್ಲದರ ಮೇಲೂ ಹೊದಿಸಿದವರು ಆಮೇಲಿನವರು.) ಇಲ್ಲಿ ನಾಲ್ಕು ಪ್ಯಾರಾಮೀಟರ್‌ಗಳಿವೆ, ಅದರಲ್ಲಿ ಎರಡು ಹೊರಗಿನ ಘಾತಗಳು. ಮೊದಲ ಘಾತ 1 ಆದಾಗ ಎರಡನೆಯದು ವೈಬುಲ್‌ನ ಅಳತೆಯ ಪ್ಯಾರಾಮೀಟರ್‌ನಲ್ಲಿ ಕರಗಿಹೋಗುತ್ತದೆ, ಏಕೆಂದರೆ ವೈಬುಲ್‌ನ ಉಳಿವಿನ ಫಲನವನ್ನು (ಅಳತೆ ಒಂದು ಬೆಲೆಯನ್ನು ಮೀರುವ ಸಂಭವನೀಯತೆ) ಯಾವ ಘಾತಕ್ಕೆ ಏರಿಸಿದರೂ ಸಿಗುವುದು ಮತ್ತೊಂದು ವೈಬುಲ್. ಅಂದರೆ 1ರ ಆಸುಪಾಸಿನಲ್ಲಿ ಆ ಎರಡನ್ನೂ ಬಿಡಿಸಿ ಹೇಳಲು ದತ್ತಾಂಶಕ್ಕೆ ಆಗುವುದೇ ಇಲ್ಲ. ಲಕ್ಷಣಗಳು ಫಲಿತಾಂಶದಲ್ಲೇ ಕಾಣುತ್ತವೆ: ಅಂದಾಜಿಗಿಂತ ದೊಡ್ಡ ಮಾನಕ ದೋಷ (ಅಂದಾಜಿನ ಅನಿಶ್ಚಿತತೆಯ ಅಳತೆ), ಅಂದಾಜುಗಳ ನಡುವೆ 0.99ರ ಸಹಸಂಬಂಧ, ಬೇರೆ ಬೇರೆ ಕಡೆಯಿಂದ ಹೊರಟರೆ ಲೈಕ್ಲಿಹುಡ್ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಒಂದೇ ಆದರೂ ಪ್ಯಾರಾಮೀಟರ್‌ಗಳು ಬೇರೆ ಬೇರೆ.

ಸ್ಟೇಸಿಯ ಮೂಲ ರೂಪಕ್ಕೂ ಈ ರೋಗ ಇತ್ತು. ದತ್ತಾಂಶ ಲಾಗ್‌ನಾರ್ಮಲ್‌ಗೆ (ಲಾಗ್ ತೆಗೆದರೆ ಗಂಟೆಯಾಕಾರದ ನಾರ್ಮಲ್ ಆಗುವ ವಿತರಣೆ) ಹತ್ತಿರವಾದಷ್ಟೂ ಒಂದು ಪ್ಯಾರಾಮೀಟರ್ ಅನಂತಕ್ಕೂ ಇನ್ನೊಂದು ಸೊನ್ನೆಗೂ ಓಡುತ್ತದೆ, ಗಣನೆ ನಿಲ್ಲುವುದಿಲ್ಲ. ಪ್ರೆಂಟಿಸ್ ಬರೆದದ್ದು ಮ್ಯೂ, ಸಿಗ್ಮಾ, ಕ್ಯೂ ಎಂಬ ಮೂರರಲ್ಲಿ. ಕ್ಯೂ 0 ಆದರೆ ಲಾಗ್‌ನಾರ್ಮಲ್, 1 ಆದರೆ ವೈಬುಲ್, ಸಿಗ್ಮಾಕ್ಕೆ ಸಮವಾದರೆ ಗಾಮಾ, ಕ್ಯೂ ಸಿಗ್ಮಾ ಎರಡೂ 1 ಆದರೆ ಎಕ್ಸ್‌ಪೊನೆನ್ಶಿಯಲ್. ಲಾಗ್‌ನಾರ್ಮಲ್ ಇಲ್ಲಿ ಅಂಚಿನಲ್ಲಿಲ್ಲ, ಮಧ್ಯದಲ್ಲಿದೆ. ಹಾಗಾಗಿ ಕ್ಯೂವಿನ ವಿಶ್ವಾಸಾಂತರವನ್ನು (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ನೇರವಾಗಿ ಓದಬಹುದು. ಅದು 0.8ರಿಂದ 1.3 ಇದ್ದರೆ ವೈಬುಲ್ ಸಾಕು, ಎರಡು ಪ್ಯಾರಾಮೀಟರ್‌ಗೆ ಇಳಿಯಿರಿ. ಅದು ಮೈನಸ್ 0.5ರಿಂದ 1.5ರವರೆಗೆ ಹರಡಿದ್ದರೆ ಈ ಅಳತೆಗಳು ಯಾವ ಕುಟುಂಬ ಎಂದು ಹೇಳುತ್ತಿಲ್ಲ. ಅದನ್ನೇ ವರದಿಯಲ್ಲಿ ಬರೆಯಬೇಕು.

ಮಾಡುವ ಕ್ರಮ ಕಷ್ಟದ್ದಲ್ಲ. ಎಲ್ಲ ಅಳತೆಗಳನ್ನೂ ಅವುಗಳ ಮಧ್ಯಾಂಕದಿಂದ ಭಾಗಿಸಿ. ಲಾಗ್ ತೆಗೆದು ಬಂದ ಸರಾಸರಿ ಮ್ಯೂವಿನ ಆರಂಭಿಕ ಬೆಲೆ, ಮಾನಕ ವಿಚಲನೆ ಸಿಗ್ಮಾದ್ದು. ಕ್ಯೂವಿಗೆ 1, 0.1, ಮೈನಸ್ 0.5 ಹೀಗೆ ಮೂರು ಕಡೆಯಿಂದ ಹೊರಡಿ. ಮೂರೂ ಒಂದೇ ಕಡೆ ಬಂದು ಸೇರದಿದ್ದರೆ ಫಲಿತಾಂಶವನ್ನು ನಂಬಬೇಡಿ. ಆರ್‌ನ ಫ್ಲೆಕ್ಸ್‌ಸರ್ವ್‌ ಎಂಬ ತಂತ್ರಾಂಶ ಪ್ಯಾಕೇಜಿನಲ್ಲಿ ಪ್ರೆಂಟಿಸ್ ರೂಪವೇ ಇದೆ. ಪೈಥಾನ್‌ನ ಸೈಪೈ ಸ್ಟೇಸಿ ರೂಪ ಬಳಸುತ್ತದೆ, ಜೊತೆಗೆ ನೀವು ಕೇಳದಿದ್ದರೂ ಸ್ಥಾನದ ಪ್ಯಾರಾಮೀಟರ್ (ವಿತರಣೆ ಎಲ್ಲಿಂದ ಶುರುವಾಗುತ್ತದೆ ಎಂಬುದು) ಒಂದನ್ನು ಅಂದಾಜಿಸುತ್ತದೆ. ಅದನ್ನು ಸೊನ್ನೆಗೆ ಕಟ್ಟಿಹಾಕದಿದ್ದರೆ ಅದು ಅತಿ ಚಿಕ್ಕ ಅಳತೆಯ ಪಕ್ಕಕ್ಕೆ ಹೋಗಿ ಕೂರಬಹುದು, ಲೈಕ್ಲಿಹುಡ್ ಮಿತಿಯಿಲ್ಲದೆ ಏರಬಹುದು.

ಪದೇ ಪದೇ ಕಾಣುವ ಇನ್ನೊಂದು ತಪ್ಪು: ಲಾಗ್ ತೆಗೆದ ಅಳತೆಗಳಿಗೆ ನಾರ್ಮಲ್, ಮೂಲ ಅಳತೆಗಳಿಗೆ ಗಾಮಾ ಹೊಂದಿಸಿ ಎರಡರ ಎಐಸಿ ಹೋಲಿಸುವುದು. ಅದು ಹೋಲಿಕೆಯೇ ಅಲ್ಲ. ಮೊದಲನೆಯದಕ್ಕೆ ಎಲ್ಲ ಲಾಗ್‌ಗಳ ಮೊತ್ತದ ಎರಡರಷ್ಟನ್ನು ಕೂಡಿಸಿದ ಮೇಲೆ ಹೋಲಿಸಬೇಕು.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಬಾಲಕ್ಕಾಗಿ. ಮ್ಯೂ 0, ಸಿಗ್ಮಾ 1 ಇರುವ ಲಾಗ್‌ನಾರ್ಮಲ್‌ನ ಸರಾಸರಿ 1.65, ಮಾನಕ ವಿಚಲನೆ 2.16. ಅದೇ ಸರಾಸರಿ, ಅದೇ ವಿಚಲನೆಯ ಗಾಮಾ ತೆಗೆದುಕೊಳ್ಳಿ. 99ನೇ ಶತಮಾನಕದಲ್ಲಿ (ನೂರರಲ್ಲಿ 99 ಅಳತೆಗಳು ಯಾವ ಬೆಲೆಗಿಂತ ಕೆಳಗಿರುತ್ತವೋ ಅಲ್ಲಿ) ಎರಡೂ ಸುಮಾರು 10. 99.9ಕ್ಕೆ ಹೋದರೆ ಲಾಗ್‌ನಾರ್ಮಲ್ 22 ಅನ್ನುತ್ತದೆ, ಗಾಮಾ ಸುಮಾರು 16. ನೂರು ಅಳತೆಗಳ ಹಿಸ್ಟೊಗ್ರಾಂ ಈ ವ್ಯತ್ಯಾಸವನ್ನು ತೋರಿಸಲಾರದು. ಮೀಸಲು ನಿಧಿ ಲೆಕ್ಕಹಾಕುವವರಿಗೋ ಅಣೆಕಟ್ಟಿನ ಕೋಡಿ ವಿನ್ಯಾಸ ಮಾಡುವವರಿಗೋ ಬೇಕಾದ ಅಂಕಿ ಮಾತ್ರ ಅಲ್ಲೇ ಇದೆ.

ಕ್ಯೂ ಋಣವಾದರೆ ಜಾಗ್ರತೆ. ಆಗ ಬಾಲ ಘಾತ ನಿಯಮದಂತೆ ನಿಧಾನವಾಗಿ ಇಳಿಯುತ್ತದೆ. ಸಿಗ್ಮಾ ಮತ್ತು ಕ್ಯೂವಿನ ಗಾತ್ರದ ಗುಣಲಬ್ಧ 1ಕ್ಕೆ ಮುಟ್ಟಿದರೆ ಸರಾಸರಿಯೇ ಇರುವುದಿಲ್ಲ, 0.5ಕ್ಕೆ ಮುಟ್ಟಿದರೆ ವಿಚಲನೆ ಇರುವುದಿಲ್ಲ. ತಂತ್ರಾಂಶ ಆ ಎಚ್ಚರಿಕೆ ಕೊಡುತ್ತದೆಂದು ಕಾಯಬೇಡಿ, ಗುಣಿಸಿ ನೋಡಿ. ಆದಾಯದಂಥ ದತ್ತಾಂಶದಲ್ಲಿ ಹೀಗಾದರೆ 1976ರ ಸಿಂಗ್-ಮದ್ದಲ ಅಥವಾ 1977ರ ಡಾಗಮ್ ವಿತರಣೆಯ ಕಡೆ ಹೋಗುವುದು ಮೇಲು. ಎರಡನ್ನೂ ಒಳಗೊಂಡ ನಾಲ್ಕು ಪ್ಯಾರಾಮೀಟರ್‌ಗಳ ಕುಟುಂಬವನ್ನು ಮ್ಯಾಕ್‌ಡೊನಾಲ್ಡ್ 1984ರಲ್ಲೇ ಕೊಟ್ಟಿದ್ದಾರೆ. ಸಾವಿರಾರು ಅಳತೆಗಳಿಲ್ಲದೆ ಅದನ್ನು ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಸೊನ್ನೆಗಳು. ಮಳೆ ಬಾರದ ದಿನ, ಕ್ಲೇಮ್ ಇಲ್ಲದ ಪಾಲಿಸಿ. 1 ಕೂಡಿಸಿ ಲಾಗ್ ತೆಗೆಯುವ ಚಾಳಿ ಬಿಡಿ. ಮಿಲಿಮೀಟರಿನಲ್ಲಿ ಕೂಡಿಸಿದ 1 ಬೇರೆ, ಸೆಂಟಿಮೀಟರಿನಲ್ಲಿ ಕೂಡಿಸಿದ 1 ಬೇರೆ, ಉತ್ತರವೂ ಬೇರೆ. ಸೊನ್ನೆಯೋ ಅಲ್ಲವೋ ಎಂಬುದಕ್ಕೆ ಲಾಜಿಸ್ಟಿಕ್ ಮಾದರಿ, ಸೊನ್ನೆ ಅಲ್ಲದವಕ್ಕೆ ಮಾತ್ರ ಮೇಲಿನ ವಿತರಣೆ.