ರಕ್ತ ನಿಮ್ಮದು, ರಿಪೋರ್ಟ್ ನಮ್ಮದು

ಆರೋಗ್ಯ ಸಂಶೋಧನೆಯಲ್ಲಿ ಸಮುದಾಯವನ್ನು ತೊಡಗಿಸಿಕೊಂಡ ಮತ್ತೊಂದು ಫೋಟೊ ಬಂದಿದೆ. ನೀವೂ ನೋಡಿರುತ್ತೀರಿ. ಸಂಸ್ಥೆ ಯಾವುದೇ ಇರಲಿ, ಫೋಟೊ ಮಾತ್ರ ಅದೇ. ಹಿಂದೆ ಬ್ಯಾನರ್, ನಡುವೆ ಸಾಲಾಗಿ ಕೋಟು ತೊಟ್ಟ ತಜ್ಞರು, ಬಲತುದಿಯಲ್ಲಿ ಚೌಕಟ್ಟಿಗೆ ಅರ್ಧ ಕತ್ತರಿಸಿಹೋದ ಒಬ್ಬ ಹೆಂಗಸು. ಆ ಅರ್ಧ ಹೆಂಗಸೇ ಸಮುದಾಯ.

ತಜ್ಞರ ಕಷ್ಟ ನಮಗೇನು ಗೊತ್ತು, ಪಾಪ. ಯಾವ ಕಾಯಿಲೆ ಮುಖ್ಯ ಎಂದು ಅವರೇ ತೀರ್ಮಾನಿಸಬೇಕು. ಪ್ರೊಟೊಕಾಲ್, ಅಂದರೆ ಅಧ್ಯಯನ ಹೇಗೆ ನಡೆಯಬೇಕೆಂಬ ಕ್ರಮ, ಬರೆಯಬೇಕು, ಗ್ರಾಂಟ್ ತರಬೇಕು, ಎಥಿಕ್ಸ್ ಕಮಿಟಿಯ ಸಹಿ ಹಾಕಿಸಬೇಕು. ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ವರದಿಯ ಒಂದು ಕಾಲಂ ಖಾಲಿ ಉಳಿದಿರುತ್ತದೆ: ‘ಜನರ ಪಾಲ್ಗೊಳ್ಳುವಿಕೆ’. ಆಗ ಜನರನ್ನು ಹುಡುಕಿಕೊಂಡು ಹೊರಡುತ್ತಾರೆ. ಸಭೆ ಕೆಲಸದ ದಿನವೇ, ಬೆಳಗ್ಗೆ ಹನ್ನೊಂದಕ್ಕೆ. ದಿನಗೂಲಿಯವರು ಬರಲಿಲ್ಲವೋ, ‘ಸಮುದಾಯಕ್ಕೆ ಆಸಕ್ತಿ ಇಲ್ಲ’ ಎಂದು ಅದೂ ಒಂದು ಸಂಶೋಧನೆ. ಬಂದವರ ಮುಂದೆ ಸ್ಲೈಡ್ ಮೇಲೆ ಸ್ಲೈಡ್. ಕಡೆಗೆ ಅಭಿಪ್ರಾಯ ಕೇಳುವ ಘಟ್ಟ: ಪೋಸ್ಟರ್ ನೀಲಿ ಇರಲೋ, ಹಸಿರು ಇರಲೋ? ‘ಅದಿರಲಿ ಸಾರ್, ನಾವು ಕುಡಿಯೋ ನೀರನ್ನ ಮೊದಲು ಟೆಸ್ಟ್ ಮಾಡಿಸಿ’ ಎಂದು ಹಿಂದಿನ ಸಾಲಿನಿಂದ ಯಾರಾದರೂ ಅಂದರೆ, ‘ಅದು ನಮ್ಮ ಸ್ಕೋಪಿನಲ್ಲಿ ಬರಲ್ಲಮ್ಮಾ’ ಎಂಬ ನಗುಮುಖದ ಉತ್ತರ. ನೀಲಿಗೆ ಬಹುಮತ. ಚಪ್ಪಾಳೆ.

ಷೆರ್ರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಮಹಿಳೆ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದಿಟ್ಟರು. ಅವರ ತಲೆಯಲ್ಲಿದ್ದದ್ದು ನಗರಾಭಿವೃದ್ಧಿ ಯೋಜನೆಗಳು, ಆದರೂ ಇವತ್ತಿನ ಆಸ್ಪತ್ರೆ ಸಭೆಗಳನ್ನು ನೋಡಿಯೇ ಬರೆದಂತಿದೆ. ತಳದ ಮೆಟ್ಟಿಲು, ಜನರನ್ನು ಬೇಕಾದಂತೆ ಆಡಿಸುವುದು. ತುದಿಯದು, ಜನರ ಕೈಗೇ ಅಧಿಕಾರ. ನಡುವೆ ಐದನೆಯದೊಂದಿದೆ, ಬಾಯಿ ಮುಚ್ಚಿಸಲು ಒಂದೆರಡು ಕುರ್ಚಿ ಕೊಡುವುದು. ನಮ್ಮ ಸಲಹಾ ಸಮಿತಿಗಳೆಲ್ಲ ಕಷ್ಟಪಟ್ಟು ಅಲ್ಲಿಯವರೆಗೆ ಹತ್ತಿ, ಕ್ಯಾಮೆರಾವನ್ನು ಮಾತ್ರ ಕೆಳಗಿನಿಂದ ಹಿಡಿಯುತ್ತವೆ. ಕೆಳಗಿನಿಂದ ತೆಗೆದರೆ ಐದನೇ ಮೆಟ್ಟಿಲೂ ಎಂಟನೆಯದರಂತೆ ಕಾಣುತ್ತದೆ. ಸಮಿತಿಯ ‘ಜನಸಾಮಾನ್ಯ’ ಸದಸ್ಯರೂ ಅಷ್ಟೇ. ಹುಡುಕಿ ಹುಡುಕಿ ನಿವೃತ್ತ ಅಧಿಕಾರಿಯೊಬ್ಬರನ್ನು ಕೂರಿಸುತ್ತಾರೆ. ನಿವೃತ್ತರಾದ ಮೇಲೆ ಎಲ್ಲರೂ ಜನಸಾಮಾನ್ಯರೇ ತಾನೆ!

ಅಸಲಿಗೆ ಸಮುದಾಯವನ್ನು ಹೇಗೆ ಒಲಿಸಿಕೊಳ್ಳಬೇಕು ಎಂಬುದನ್ನು ಅಮೆರಿಕದ ಅಲಬಾಮಾದ ಟಸ್ಕೆಗೀಯಲ್ಲಿ ನಡೆದ ಅಧ್ಯಯನದಿಂದ ಕಲಿಯಬೇಕು. 1932ರಲ್ಲೇ ಎಷ್ಟು ಅಚ್ಚುಕಟ್ಟು! ಮನೆಮನೆಗೆ ಹೋಗಿ ಮಾತಾಡಿಸುವ ನರ್ಸ್, ತಪಾಸಣೆಯ ದಿನ ಬಿಸಿ ಊಟ, ಸತ್ತರೆ ಮಣ್ಣು ಮಾಡುವ ಖರ್ಚು. ಪ್ರತಿಯಾಗಿ ಕೇಳಿದ್ದು ಮರಣೋತ್ತರ ಪರೀಕ್ಷೆಗೆ ಒಪ್ಪಿಗೆ, ಅಷ್ಟೇ. ಸುಮಾರು 600 ಕಪ್ಪು ಗಂಡಸರು, ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ. ಅವರಿಗೆ ಹೇಳಿದ್ದು ‘ರಕ್ತ ಕೆಟ್ಟಿದೆ’ ಅಂತ. ಪೆನಿಸಿಲಿನ್ ಬಂದು, ಸಿಫಿಲಿಸ್‌ಗೆ ಅದೇ ಮದ್ದು ಎಂದು ಜಗತ್ತಿಗೇ ಗೊತ್ತಾದ ಮೇಲೂ ಇವರಿಗೆ ಕೊಡಲಿಲ್ಲ. ಕಾಯಿಲೆ ಕೊಲ್ಲುವುದನ್ನು ಕೊನೆತನಕ ನೋಡಬೇಕಿತ್ತಲ್ಲ. 40 ವರ್ಷ ನೋಡಿದರು. ನಡೆಸಿದ್ದು ಸರ್ಕಾರದ ಆರೋಗ್ಯ ಇಲಾಖೆ. 1972ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ನಿಲ್ಲಿಸಿದರು, 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಬದುಕಿ ಉಳಿದಿದ್ದವರು ಬೆರಳೆಣಿಕೆಯಷ್ಟು. ಇನ್ನೊಂದು ಕಡೆ ತಜ್ಞರು ಈಗಲೂ ಅಂಕಿ-ಅಂಶ ಹಿಡಿದುಕೊಂಡು ಕೇಳುತ್ತಾರೆ, ‘ಈ ಜನ ಟ್ರಯಲ್‌ಗೆ ಯಾಕೆ ಬರಲ್ಲ? ತಿಳಿವಳಿಕೆ ಕಮ್ಮಿ ಇರಬೇಕು’ ಅಂತ. ತಿಳಿವಳಿಕೆ ಇರುವುದಕ್ಕೇ ಬರುವುದಿಲ್ಲ ಸ್ವಾಮೀ.

ಅದೆಲ್ಲ ಹಳೇ ಕಾಲ, ಬಿಡಿ ಅನ್ನುವಿರಾ? 1990ರ ನಂತರ ಅರಿಜೋನಾದಲ್ಲಿ ಹವಸುಪಾಯಿ ಬುಡಕಟ್ಟಿನವರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಸಂಶೋಧಕರು ಅದೇ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಹುಡುಕಿದರು, ಇವರ ಪೂರ್ವಜರು ಎಲ್ಲಿಂದ ವಲಸೆ ಬಂದವರು ಎಂದೂ ಹುಡುಕಿದರು. ಕೊಟ್ಟವರನ್ನು ಒಂದು ಮಾತು ಕೇಳಲಿಲ್ಲ. ಕೋರ್ಟು ಕಚೇರಿ ಅಲೆದು 2010ರಲ್ಲಿ ರಾಜಿಯಾದಾಗ ಏಳು ಲಕ್ಷ ಡಾಲರ್ ಜೊತೆಗೆ ಉಳಿದ ರಕ್ತವೂ ವಾಪಸ್ ಬಂತು. ಅದೇ ವರ್ಷ ನಮ್ಮ ದೇಶದಲ್ಲೇ, ಆಗಿನ ಆಂಧ್ರದ ಖಮ್ಮಂನಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯನ್ನು ಸರ್ಕಾರ ತಡೆಹಿಡಿಯಿತು. ಹಾಸ್ಟೆಲ್ ಹುಡುಗಿಯರ ಸಮ್ಮತಿ ಪತ್ರಗಳಿಗೆ ಸಹಿ ಹಾಕಿದ್ದವರು ಹಲವು ಕಡೆ ಅಪ್ಪ-ಅಮ್ಮ ಅಲ್ಲ, ವಾರ್ಡನ್‌ಗಳು.

ಜನ ನಿಜವಾಗಿ ಪಾಲ್ಗೊಂಡದ್ದು ಕರೆಯದೇ ಬಂದಾಗ. 1983ರಲ್ಲಿ ಡೆನ್ವರ್‌ನ ಸಮ್ಮೇಳನವೊಂದರಲ್ಲಿ ಏಡ್ಸ್ ರೋಗಿಗಳು ತಾವೇ ವೇದಿಕೆ ಹತ್ತಿ, ನಮ್ಮ ಬಗ್ಗೆ ತೀರ್ಮಾನಿಸುವ ಪ್ರತಿ ಹಂತದಲ್ಲೂ ನಾವಿರಬೇಕು ಎಂದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಬಾಗಿಲಿಗೇ ಅಡ್ಡ ಕೂತರು. ಪ್ರೊಟೊಕಾಲನ್ನು ವೈದ್ಯರಿಗಿಂತ ಚೆನ್ನಾಗಿ ಓದಿಕೊಂಡಿದ್ದರು, ಬೈಗುಳವೂ ಚೆನ್ನಾಗಿ ಬರುತ್ತಿತ್ತು. ಅಂಥವರನ್ನು ಇವತ್ತು ಯಾವ ಸಲಹಾ ಸಮಿತಿಗೂ ಹಾಕಿಕೊಳ್ಳುವುದಿಲ್ಲ. ಪೋಸ್ಟರ್ ಬಣ್ಣದ ಮೇಲೆ ಅವರಿಗೆ ಅಭಿಪ್ರಾಯವೇ ಇರುವುದಿಲ್ಲ ನೋಡಿ.

ಇನ್ನು ಫಲಿತಾಂಶ. ಸಂಶೋಧನೆಯ ಫಲ ರೋಗಿಯ ಹಾಸಿಗೆ ತಲುಪಲು ಸರಾಸರಿ 17 ವರ್ಷ ಎಂದು ತಜ್ಞರೇ ಲೆಕ್ಕ ಹೇಳುತ್ತಾರೆ. ಅಷ್ಟು ಕಾಯಲಾರೆ, ನನ್ನ ರಕ್ತದಲ್ಲಿ ಏನು ಸಿಕ್ಕಿತು ಎಂದು ಈಗಲೇ ತಿಳಿಯಬೇಕು ಅನ್ನುವವರಿಗೂ ದಾರಿ ಇದೆ. ಲೇಖನ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಬಂದಿರುತ್ತದೆ. ಇಂಗ್ಲಿಷಿನಲ್ಲಿ. ಡಾಲರ್ ಕಟ್ಟಿ ಓದಿಕೊಳ್ಳಬಹುದು.