ಕೋವಿಗೊಂದು ಅಲ್ಪವಿರಾಮ

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಅಲ್ಪವಿರಾಮ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದರು. ಇಷ್ಟು ಸಣ್ಣ ಚಿಹ್ನೆಗೆ ಇಷ್ಟು ದೊಡ್ಡ ರಂಪವೇ ಅಂತ ನಾವು ಹಿಂದಿನ ಬೆಂಚಿನಲ್ಲಿ ಗೊಣಗುತ್ತಿದ್ದೆವು. ಅಮೆರಿಕದ ಕೋವಿ ಕೇಸುಗಳನ್ನು ಓದಿದ ಮೇಲೆ ಮೇಷ್ಟ್ರು ಉದಾರಿಗಳು ಅನ್ನಿಸಿದೆ.

ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೇ ತಿದ್ದುಪಡಿ ಇಂಗ್ಲಿಷಿನಲ್ಲಿ ಬರೀ 27 ಪದ. ಸ್ವತಂತ್ರ ರಾಜ್ಯದ ರಕ್ಷಣೆಗೆ ಶಿಸ್ತಿನ ನಾಗರಿಕ ಪಡೆ ಬೇಕು ಅಂತ ಶುರುವಾಗುತ್ತದೆ. ಆಯುಧ ಇಟ್ಟುಕೊಳ್ಳುವ, ಹೊರುವ ಜನರ ಹಕ್ಕಿಗೆ ಚ್ಯುತಿ ಬರಕೂಡದು ಅಂತ ಮುಗಿಯುತ್ತದೆ. ನಡುವೆ ಮೂರು ಅಲ್ಪವಿರಾಮ. ಹಕ್ಕು ಪಡೆಗೋ, ಒಬ್ಬೊಬ್ಬನಿಗೋ? ಬಹಳ ಕಾಲ ಜಗ್ಗಾಡಿ, 2008ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ 'ಒಬ್ಬೊಬ್ಬನಿಗೂ' ಎಂದಿತು. 2010ರಲ್ಲಿ, ರಾಜ್ಯಗಳೂ ಇದಕ್ಕೆ ತಲೆಬಾಗಬೇಕು ಎಂದಿತು.

ನಿಜವಾದ ತಮಾಷೆ ಶುರುವಾದದ್ದು 2022ರಲ್ಲಿ. ಇನ್ನು ಮುಂದೆ ಕೋವಿಗೆ ಕಡಿವಾಣ ಹಾಕುವ ಕಾನೂನು ಉಳಿಯಬೇಕಾದರೆ, ಅಂಥದ್ದೇ ಕಾನೂನು ಹಳೇ ಕಾಲದಲ್ಲೂ ಇತ್ತು ಅಂತ ಸರ್ಕಾರ ತೋರಿಸಬೇಕು ಎಂದಿತು ಅದೇ ಸುಪ್ರೀಂ ಕೋರ್ಟು. ಹೆಣ್ಣು ಕೊಡುವ ಮುಂಚೆ ಮೂರು ತಲೆಮಾರು ವಿಚಾರಿಸಿದ ಹಾಗೆ. ಜಡ್ಜುಗಳೆಲ್ಲ ಕರಿಕೋಟು ಹಾಕಿಕೊಂಡೇ ಹಳೇ ಕಡತದ ಧೂಳು ಕೊಡವಲು ಕೂತರು. ಮನೆಯವರ ಮೇಲೆ ಕೈಮಾಡದಂತೆ ಕೋರ್ಟಿನ ಆದೇಶವಿದ್ದವನೊಬ್ಬನ ಕೋವಿ ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆ ಬಂತು. ಸಂವಿಧಾನ ಬರೆದವರ ಕಾಲದಲ್ಲಿ ಅಂಥ ಕಾನೂನಿರಲಿಲ್ಲ, ಆದ್ದರಿಂದ ಆಗದು ಎಂದಿತು 2023ರಲ್ಲಿ ಮೇಲ್ಮನವಿ ನ್ಯಾಯಾಲಯ. ಇರುವುದಾದರೂ ಹೇಗೆ? ಹೆಂಡತಿಯ ಬೆನ್ನಿನ ಬಾಸುಂಡೆಯನ್ನು ಮನೆಯೊಳಗಿನ ಮಾತು ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ಅದು. 2024ರಲ್ಲಿ ಸುಪ್ರೀಂ ಕೋರ್ಟು ಎಂಟಕ್ಕೆ ಒಂದರಂತೆ ಇದನ್ನು ತಿದ್ದಿತು: ಅಜ್ಜನ ಪಡಿಯಚ್ಚೇ ಆಗಬೇಕಿಲ್ಲ, ಹೋಲಿಕೆ ಸಾಕು. ಒಪ್ಪದ ಆ ಒಬ್ಬರು ಯಾರು ಅಂತೀರಿ? 2022ರ ತೀರ್ಪು ಬರೆದ ಜಸ್ಟಿಸ್ ಥಾಮಸ್ ಅವರೇ.

ಇಷ್ಟು ಹೊತ್ತಿಗೆ ಹವಾಯಿ ತಿರುಗಿಬಿದ್ದಿತ್ತು. 2017ರ ಡಿಸೆಂಬರಿನ ಒಂದು ರಾತ್ರಿ ಮೌಯಿ ದ್ವೀಪದ ಗುಡ್ಡದಲ್ಲಿ ಒಬ್ಬಾತ ಸಿಕ್ಕಿಬಿದ್ದ. ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲು, ಜೇಬಿನಲ್ಲಿ ಲೈಸೆನ್ಸಿಲ್ಲ. ಚಂದ್ರನನ್ನು ನೋಡಲು ಬಂದೆವು ಎಂದ. ಚಂದ್ರನಿಗೆ ಪಿಸ್ತೂಲು ಯಾಕೆ ಅಂತ ಯಾರಾದರೂ ಕೇಳಿದರೋ ಇಲ್ಲವೋ, ಆತನಂತೂ ಸಂವಿಧಾನ ತೋರಿಸಿದ. ಒಂದಲ್ಲ, ಎರಡು: ದೇಶದ್ದು, ರಾಜ್ಯದ್ದು. ಹವಾಯಿ ಸಂವಿಧಾನದಲ್ಲೂ ಅದೇ 27 ಪದ ಇವೆ.

2024ರ ಫೆಬ್ರವರಿಯಲ್ಲಿ ಹವಾಯಿಯ ಸುಪ್ರೀಂ ಕೋರ್ಟು ಹೇಳಿತು: ಪದ ಅವೇ ಇರಬಹುದು, ನಮ್ಮ ಪುಸ್ತಕದಲ್ಲಿ ಅವುಗಳ ಅರ್ಥ ಪಡೆಗೆ ಸಂಬಂಧಿಸಿದ್ದು, ಬೀದಿಯಲ್ಲಿ ಪಿಸ್ತೂಲು ಹೊರುವ ಹಕ್ಕು ಯಾರೊಬ್ಬನಿಗೂ ಇಲ್ಲ, ಅದು 'ಅಲೋಹಾ' ಎಂಬ ನಮ್ಮ ಪ್ರೀತಿ-ಸೌಹಾರ್ದದ ಮನೋಭಾವಕ್ಕೆ ಹೊಂದುವುದೂ ಇಲ್ಲ. ಹಳೇ ಕಾಲದ ಹಂಗು ಯಾಕೆ ಎನ್ನಲು ಒಂದು ಟಿವಿ ಧಾರಾವಾಹಿಯ ಡೈಲಾಗನ್ನೂ ತೀರ್ಪಿನೊಳಗೆ ಸೇರಿಸಿತು. ನಗು ಬಂದರೂ ವಾದದಲ್ಲಿ ಹುರುಳಿದೆ. 1791ರ ಅಮೆರಿಕವನ್ನು ಹುಡುಕಿ ಎಂದರೆ, ಆಗ ಹವಾಯಿ ಅಮೆರಿಕದಲ್ಲೇ ಇರಲಿಲ್ಲ. ರಾಜ್ಯವಾಗಿ ಸೇರಿದ್ದು 1959ರಲ್ಲಿ. ಅಜ್ಜನೇ ಬೇಕೆಂದರೆ ಅವರಿಗೂ ಒಬ್ಬನಿದ್ದಾನೆ. ಮುದುಕರು, ಹೆಂಗಸರು, ಮಕ್ಕಳು ದಾರಿಬದಿಯಲ್ಲಿ ನಿಶ್ಚಿಂತೆಯಿಂದ ಮಲಗುವಂತಾಗಲಿ ಎಂದು 1797ರಲ್ಲಿ ಕಾನೂನು ಮಾಡಿದ ರಾಜ ಕಮೆಹಮೆಹಾ. ಅದು ಇಂದಿಗೂ ಆ ರಾಜ್ಯದ ಸಂವಿಧಾನದಲ್ಲಿದೆ.

2024ರ ಡಿಸೆಂಬರಿನಲ್ಲಿ ಈ ಪಿಸ್ತೂಲಿನ ಕೇಸು ವಾಷಿಂಗ್ಟನ್ನಿಗೆ ಹೋದಾಗ ದೊಡ್ಡ ಕೋರ್ಟು ಕೈಗೆತ್ತಿಕೊಳ್ಳಲಿಲ್ಲ.

ಕುತೂಹಲಕ್ಕೆ ಎರಡೂ ವಾಕ್ಯ ಪಕ್ಕಪಕ್ಕ ಇಟ್ಟು ನೋಡಿದೆ. ಪದಗಳೆಲ್ಲ ಅವೇ. ಹವಾಯಿಯದರಲ್ಲಿ ಕೆಲವು ದೊಡ್ಡಕ್ಷರ ಚಿಕ್ಕವಾಗಿವೆ, ಎರಡು ಅಲ್ಪವಿರಾಮ ಕಡಿಮೆ. ಮೇಷ್ಟ್ರ ಲೆಕ್ಕದಲ್ಲಿ ಒಂದು ಅಂಕ.