ಗಾಂಧಿ ಜಯಂತಿಗೆ ಹಿಂದಿನ ದಿನವೇ ಸತ್ತ ಕೋಳಿ

ಈ ಸಲವೂ ಪ್ರಕಟಣೆ ಬಂತು. ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ಪ್ರಾಣಿವಧೆ ಮತ್ತು ಮಾಂಸ ಮಾರಾಟ ನಿಷೇಧ. ಪೇಪರಿನ ಒಳಪುಟದಲ್ಲಿ ಎರಡು ಇಂಚಿನ ಸುದ್ದಿ. ರಾಮನವಮಿ, ಮಹಾವೀರ ಜಯಂತಿ, ಶಿವರಾತ್ರಿ, ಗಣೇಶನ ಹಬ್ಬಕ್ಕೂ ಇದೇ ಒಕ್ಕಣೆ ಬರುತ್ತದೆ. ತಾರೀಖು ಮಾತ್ರ ಬದಲು.

ಈ ಪ್ರಕಟಣೆಯಿಂದ ಕೋಳಿಗೆ ಏನು ಲಾಭ ಅಂತ ನೋಡಬೇಕಾದರೆ ಅಕ್ಟೋಬರ್ 1ರ ಸಂಜೆ ಯಾವುದಾದರೂ ಚಿಕನ್ ಅಂಗಡಿ ಮುಂದೆ ಹೋಗಿ ನಿಲ್ಲಿ. ಕ್ಯೂ ರಸ್ತೆವರೆಗೂ ಬಂದಿರುತ್ತದೆ. "ಅಣ್ಣಾ, ಎರಡು ಕೆಜಿ, ವಿತೌಟ್ ಸ್ಕಿನ್." "ನಂದು ಮೂರು ಮಾಡು, ನಾಳೆ ಅಂಗಡಿ ಇಲ್ವಲ್ಲ." ಅಂಗಡಿಯವನಿಗೆ ಬೆವರು ಒರೆಸಿಕೊಳ್ಳೋಕೂ ಪುರುಸೊತ್ತಿಲ್ಲ. ಮಾರನೇ ದಿನ ಸಾಯಬೇಕಿದ್ದ ಕೋಳಿ ಅಹಿಂಸೆಯ ಗೌರವಾರ್ಥ ಒಂದು ದಿನ ಮೊದಲೇ ಸಾಯುತ್ತದೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಮಲಗಿ, ಬಾಪೂಜಿ ಹುಟ್ಟಿದ ದಿನ ಮಧ್ಯಾಹ್ನ ಸಾರಾಗುತ್ತದೆ. ನಿಷೇಧ ನೂರಕ್ಕೆ ನೂರು ಯಶಸ್ವಿ. ಅಂದು ಮಾರಾಟ ಆಗಿಲ್ಲ, ಬರೀ ಊಟ ಆಗಿದೆ.

ಇಂಥ ಆದೇಶಗಳಲ್ಲಿ ನನಗೆ ತಲೆಬುಡ ಅರ್ಥವಾಗುವುದು ಒಂದೇ, ಯಲಹಂಕದ್ದು. 2025ರ ವೈಮಾನಿಕ ಪ್ರದರ್ಶನಕ್ಕೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರುವ ಹಾಗಿಲ್ಲ ಅಂದರು. ಮಾಂಸದ ತ್ಯಾಜ್ಯಕ್ಕೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತವೆ ಅನ್ನೋ ಭಯ. ಕಸ ಸರಿಯಾಗಿ ಎತ್ತೋಕೆ ಬರಲ್ಲ, ಅದಕ್ಕೇ ಅಂಗಡಿ ಮುಚ್ಚಿಸ್ತೀವಿ ಅಂತ ಒಪ್ಪಿಕೊಂಡ ಹಾಗಾಯ್ತು. ಆದರೂ ಅಲ್ಲಿ ಯಾರೂ ಕೋಳಿಯ ಆತ್ಮದ ಬಗ್ಗೆ ಭಾಷಣ ಮಾಡಲಿಲ್ಲ. ಅಷ್ಟು ಪ್ರಾಮಾಣಿಕತೆ ಸಾಕು.

ಇರಲಿ, ಗಾಂಧಿಯ ವಿಷಯಕ್ಕೆ ಬರೋಣ. ಅವರ ಹೆಸರಲ್ಲಿ ಬಾಗಿಲು ಹಾಕಿಸುವವರು ಅವರ ಆತ್ಮಕಥೆಯನ್ನು ಒಮ್ಮೆ ತಿರುವಿ ಹಾಕಬಹುದಿತ್ತು. ಮಾಂಸವನ್ನು ಗಾಂಧಿ ಹುಡುಗನಾಗಿದ್ದಾಗಲೇ ಬಿಟ್ಟಿದ್ದರು. ಅವರ ಗಂಟಲಿಗೆ ಸಿಕ್ಕಿಕೊಂಡದ್ದು ಹಾಲು. ಕಲ್ಕತ್ತದ ಕಡೆ ಹಾಲು ಜಾಸ್ತಿ ಹಿಂಡಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ 'ಫೂಕಾ' ಎಂಬ ಹಿಂಸೆಯ ಬಗ್ಗೆ ಓದಿದರು. 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಾಲನ್ನೇ ಬಿಟ್ಟರು. ಮುಂದೆ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ಕಸ್ತೂರ್ಬಾ ಒಂದು ದಾರಿ ತೋರಿಸಿದರು: ನೀವು ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ತಾನೆ, ಮೇಕೆ ಹಾಲು ಕುಡಿದರೆ ಏನು? ಅವರು ಕುಡಿದರು. ವ್ರತದ ಅಕ್ಷರ ಉಳಿಸಿಕೊಂಡೆ, ಒಳಗಿನ ಸತ್ಯ ಬಿಟ್ಟೆ ಅಂತ ವರ್ಷಗಟ್ಟಲೆ ಕೊರಗಿದರು. ಮಾಂಸವಿರಲಿ, ಹಾಲು ತುಪ್ಪ ಮೊಟ್ಟೆಯನ್ನೂ ಮುಟ್ಟದವರಿಗೆ ವೀಗನ್ ಅನ್ನೋ ಹೆಸರು ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ 1944ರಲ್ಲಿ. ಅದಕ್ಕೂ 32 ವರ್ಷ ಮೊದಲೇ ಗಾಂಧಿ ಆ ದಾರಿ ಹಿಡಿದು ನಡುವೆ ಮುಗ್ಗರಿಸಿದ್ದರು.

ಹಾಗಾಗಿ ನನ್ನದೊಂದು ನಮ್ರ ಸಲಹೆ. ಅಕ್ಟೋಬರ್ 2ರಂದು ನಂದಿನಿ ಬೂತುಗಳನ್ನೂ ಮುಚ್ಚಿಸಿ. ಒಂದೇ ದಿನ. ಬೆಳಿಗ್ಗೆ ಕಾಫಿ ಇಲ್ಲ, ಮಧ್ಯಾಹ್ನ ಮೊಸರನ್ನ ಇಲ್ಲ, ತುಪ್ಪದ ಮೈಸೂರು ಪಾಕ್ ಇಲ್ಲ. ದಿನಕ್ಕೆ ಕೋಟಿ ಲೀಟರ್ ಲೆಕ್ಕದಲ್ಲಿ ಹಾಲು ಸೇರುವ ರಾಜ್ಯ ನಮ್ಮದು, ಒಂದು ದಿನ ತಡೆದುಕೊಳ್ಳಬಹುದು ಅಲ್ವಾ? ಯಾವ ಸರ್ಕಾರವೂ ಈ ಆದೇಶಕ್ಕೆ ಸಹಿ ಹಾಕುವುದಿಲ್ಲ. ಹಾಕಿದರೆ ಮಧ್ಯಾಹ್ನದೊಳಗೆ ಸರ್ಕಾರವೇ ಇರುವುದಿಲ್ಲ. ಹಿಂಸೆಯೋ ಅಹಿಂಸೆಯೋ ಆಮೇಲೆ, ಮೊದಲು ಫಿಲ್ಟರ್ ಕಾಫಿ.

ಹಸು ಕರು ಹಾಕಿದರೇ ಹಾಲು. ಅದರಲ್ಲಿ ಅರ್ಧ ಗಂಡು ಕರು. ಉಳೋಕೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡು ಕರುವಿಗೆ ಕೆಲಸವಿಲ್ಲ. ಮಾರೋಣ ಅಂದರೆ 2020ರ ಗೋಹತ್ಯೆ ನಿಷೇಧ ಕಾಯ್ದೆಯಲ್ಲಿ ವಧೆಗೆ ಮೂರರಿಂದ ಏಳು ವರ್ಷ ಜೈಲು, ಕೊಳ್ಳುವವರು ಹೆದರುತ್ತಾರೆ. ಸಾಕೋಣ ಅಂದರೆ ಮೇವಿಗೆ ದುಡ್ಡಿಲ್ಲ. ಸಣ್ಣ ರೈತ ಏನು ಮಾಡುತ್ತಾನೆ ಅಂತ ಹಳ್ಳಿ ಕಡೆಯ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲ್ಲ. ಲೋಟದಲ್ಲಿ ಹಾಲು ಬೆಳ್ಳಗೇ ಇರುತ್ತದೆ.

ಈ ಮಾತನ್ನು ಗಟ್ಟಿಯಾಗಿ ಹೇಳುವವರು ವೀಗನ್ನರು ಮಾತ್ರ. ಅವರ ಪಾಡು ನೋಡಬೇಕು. ನಮ್ಮ ಪರಿಚಯದವರ ಮಗಳೊಬ್ಬಳು ಇದ್ದಾಳೆ. ಮದುವೆಮನೆ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತಿದ್ದಳು. ತುಪ್ಪದ ಗಿಂಡಿ ಹಿಡಿದವರು ಬಂದರು. "ಬೇಡ" ಅಂತ ಎಲೆಗೆ ಕೈ ಅಡ್ಡ ಹಿಡಿದಳು. "ಒಂದು ಹನಿ" ಅಂತ ಆ ಕೈಮೇಲೇ ಬಿಟ್ಟರು. ಮೊಸರು ಬಜ್ಜಿ ಬೇಡ, ಪಾಯಸ ಬೇಡ, ಹೋಳಿಗೆ ಬೇಡ. ಎಲೆಯಲ್ಲಿ ಉಳಿದದ್ದು ಕೋಸಂಬರಿ, ಉಪ್ಪಿನಕಾಯಿ, ಬರೀ ಅನ್ನ. ಎದುರು ಸಾಲಿನ ಅತ್ತೆಗೆ ತಡೆಯಲಾಗಲಿಲ್ಲ. "ಇದೆಂಥ ವ್ರತ ಪುಟ್ಟಿ? ಹಾಲು ಹಸು ಪ್ರೀತಿಯಿಂದ ಕೊಡೋದಲ್ವಾ? ನಾವೇನು ಮಾಂಸ ತಿನ್ನೋರಾ?" ಅತ್ತೆ ಉಟ್ಟಿದ್ದದ್ದು ಜರಿಯಂಚಿನ ಮೈಸೂರು ಸಿಲ್ಕ್. ಸಾವಿರಾರು ಗೂಡುಗಳನ್ನು ಹುಳ ಒಳಗಿರುವಾಗಲೇ ಬಿಸಿನೀರಿಗೆ ಹಾಕಿ ತೆಗೆದ ನೂಲು. ಹುಡುಗಿ ಸೀರೆ ನೋಡಿದಳು, ಏನೂ ಹೇಳಲಿಲ್ಲ. ಒಳ್ಳೇ ಮನೆತನದ ಹುಡುಗಿ.

ನಾನು ಮಾಂಸ ತಿನ್ನುವವನು. ಇನ್ನೂ ತಿನ್ನುತ್ತೇನೆ. ಆದರೂ ಆ ಪಂಕ್ತಿಯಲ್ಲಿ ಪ್ರಾಣಿಗಳ ಬಗ್ಗೆ ನಿಜಕ್ಕೂ ಯೋಚಿಸಿದ್ದವಳು ಅವಳೊಬ್ಬಳೇ. ಅತ್ತಿತ್ತ ನಕ್ಕವರೆಲ್ಲ ಹುಟ್ಟಾ ಸಸ್ಯಾಹಾರಿಗಳು.

ಈಗ ದೊಡ್ಡ ಅಂಗಡಿಗಳಲ್ಲಿ ಗಿಡಮೂಲದ ಚಿಕನ್ ಸಿಗುತ್ತದೆ, ಸೋಯಾ ಹಿಟ್ಟಿಗೆ ಕೋಳಿಯ ರುಚಿ, ಕೋಳಿಯ ನಾರು. ಹೊಸ ಆವಿಷ್ಕಾರ ಅಂತ ಬೀಗುವವರಿಗೆ ಜನ್ನನ ವಿಷಯ ಯಾರಾದರೂ ಹೇಳಿ. 1209ರಲ್ಲೇ ನಮ್ಮ ಕವಿ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿ ಮಾಡಿ ಮುಗಿಸಿದ್ದಾನೆ. ರಾಜ ಯಶೋಧರನಿಗೆ ನಿಜವಾದ ಬಲಿ ಕೊಡಲು ಮನಸ್ಸಿಲ್ಲ. ತಾಯಿ ಚಂದ್ರಮತಿ ಹಿಟ್ಟಿನ ಹುಂಜವನ್ನಾದರೂ ಕಡಿ ಅಂತಾಳೆ. ಅವನು ಕಡಿಯುತ್ತಾನೆ, ಹಿಟ್ಟು ಕೂಗಿಬಿಡುತ್ತದೆ! ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಅಂತ ಜನ್ಮ ಜನ್ಮ ಅಲೆದು, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಕೊಲ್ಲುವ ಆಸೆ ಇಟ್ಟುಕೊಂಡರೇ ಕೊಂದ ಹಾಗೆ ಅನ್ನೋ ಲೆಕ್ಕ. ಆ ಲೆಕ್ಕಕ್ಕೆ ಹೊಟೆಲ್‌ನಲ್ಲಿ ಗೋಬಿ ಮಂಚೂರಿಯನ್ನು 'ಚಿಕನ್ ತರಾನೇ ಇದೆ' ಅಂತ ಚಪ್ಪರಿಸುವವರ ಮುಂದಿನ ಜನ್ಮ ಏನೋ! ಜನ್ನ ಕಠಿಣ ಮನುಷ್ಯ. ಆದರೆ ಅವನು ತೂಗಿದ್ದು ರಾಜನ ಮನಸ್ಸನ್ನು. ಬಡವರ ತಟ್ಟೆಗೆ ಅವನು ಇಣುಕಲಿಲ್ಲ.

ನಮ್ಮವರು ಇಣುಕುವುದು ಅಲ್ಲಿಗೇ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಅಂದಾಗ ಮಠಾಧೀಶರು ಬೀದಿಗಿಳಿದರು. ಮಕ್ಕಳಲ್ಲಿ ಭೇದ ಹುಟ್ಟುತ್ತದಂತೆ. 2025ರಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆ ಪಕ್ಕ ದೇವಸ್ಥಾನವಿದೆ, ಮೊಟ್ಟೆ ಬೇಯಿಸಬಾರದು ಅಂತ ಜಗಳವಾಗಿ ಹೆತ್ತವರು ಮಕ್ಕಳ ಟಿಸಿಯನ್ನೇ ತೆಗೆಸಿಕೊಂಡರು. ಮೊಟ್ಟೆ ಬೇಡ ಅನ್ನುವ ಮಗುವಿಗೆ ಬಾಳೆಹಣ್ಣು ಇದೆ. ಯಾರ ಬಾಯಿಗೂ ಯಾರೂ ತುರುಕಿಲ್ಲ. ಪಕ್ಕದ ಮಗುವೂ ತಿನ್ನಬಾರದು ಅನ್ನೋದೇ ಹಠ.

ಇಲ್ಲಿ ನನಗೆ ತಮಾಷೆ ಮಾಡೋಕೆ ಆಗುವುದಿಲ್ಲ. ಸಾಕಾಗಿದೆ. ಕಾಲು ಕಡ್ಡಿಯಾಗಿರುವ, ಕೂದಲು ಕೆಂಚಗಾಗಿರುವ ಮಕ್ಕಳು ತಟ್ಟೆ ಹಿಡಿದು ಸಾಲಲ್ಲಿ ನಿಂತಿರುತ್ತವೆ. ಮನೆಯಲ್ಲಿ ಅವಕ್ಕೆ ಹಾಲಿಲ್ಲ, ಬೇಳೆ ನೀರು ನೀರು. ಒಂದು ಬೇಯಿಸಿದ ಮೊಟ್ಟೆ. ಅದರ ಮೇಲೆ ಇಡೀ ರಾಜ್ಯದ ಧರ್ಮ, ಸಂಸ್ಕೃತಿ, ಜೀವದಯೆ ಬಂದು ಕೂರುತ್ತದೆ. ಅದೇ ಧರ್ಮ ಪಂಚತಾರಾ ಹೊಟೆಲಿನ ಆಮ್ಲೆಟ್ ಮೇಲೆ ಕೂತದ್ದನ್ನು ನಾನಂತೂ ನೋಡಿಲ್ಲ.

ಮೊಟ್ಟೆಯಲ್ಲಿ ಹಿಂಸೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಬೇಕಾದಷ್ಟಿದೆ. ಮೊಟ್ಟೆ ಕೋಳಿ ಬದುಕುವುದು ರೆಕ್ಕೆ ಬಿಚ್ಚಲಾಗದ ತಂತಿ ಪಂಜರದಲ್ಲಿ. ಮೊಟ್ಟೆ ಇಡದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಮುಗಿಸುತ್ತಾರೆ. ಶಾಲೆಯ ಮೊಟ್ಟೆ ನಿಲ್ಲಿಸಿದರೆ ಆ ಪಂಜರ ಒಂದಿಂಚೂ ದೊಡ್ಡದಾಗುವುದಿಲ್ಲ. ಪಂಜರದ ಅಳತೆಗೆ ಯಾರಾದರೂ ಪಾದಯಾತ್ರೆ ಮಾಡಲಿ, ಧರಣಿ ಕೂರಲಿ, ನಾನೂ ಬರುತ್ತೇನೆ. ಮೊಟ್ಟೆಗೆ ಎರಡು ರೂಪಾಯಿ ಜಾಸ್ತಿ ಕೊಡೋಕೂ ತಯಾರು. ಹೊಸಪೇಟೆ ಕಡೆ ಸಾಲು ಸಾಲು ಫಾರಂಗಳಿವೆ. ಯಾವಾಗ ಹೋಗೋಣ ಹೇಳಿ ಸ್ವಾಮಿ. ನಿಮ್ಮ ಕಾರಿನಲ್ಲೇ ಹೋಗಿಬರೋಣ, ಲೆದರ್ ಸೀಟಾದರೂ ಪರವಾಗಿಲ್ಲ.